ಬಸ್ಸಿನಿಂದ ಇಳಿದ ಟೀಚರ್

ಉಗುರು ಕತ್ತರಿಸಿ ಕತ್ತರಿಸಿ ಟೀಚರ ಬೆರಳ ತುದಿಗಳು ಮೊಂಡಾಗಿದ್ದವು. ಶನಿವಾರ ಸಂಜೆ ಡೊಂಬಿವಲಿಯ ತಮ್ಮ ಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು, ಹಳೇ ಪೇಪರ್ ಹರಡಿ, ಒಳಗಿನ ಮಾಂಸ ಕೆಂಪಗೆ ಕಾಣುವಷ್ಟು ಕತ್ತರಿಸಿಕೊಳ್ಳುತ್ತಿದ್ದರು. ನೋಡಿದರೆ ನನಗೇ ಚುರ್ ಎನ್ನುತ್ತಿತ್ತು. "ಅಷ್ಟು ಎಂತಕ್ಕೆ ಟೀಚರ್?" ಎಂದು ಕೇಳಿದರೆ, "ಮಲಗಿದವರನ್ನು ಮಗ್ಗುಲು ತಿರುಗಿಸುವಾಗ ಗೀರಬಾರದು ಮಾರಾಯ್ತಿ. ಅವರ ಚರ್ಮ ಅಂದ್ರೆ ಈರುಳ್ಳಿ ಸಿಪ್ಪೆ" ಎನ್ನುತ್ತಿದ್ದರು.

ನನಗೆ ಅವರು ಸಂಡೇ ಸ್ಕೂಲಿನ ಟೀಚರ್. ಉಡುಪಿ ಕಡೆಯಿಂದ ಬಂದು ಇಲ್ಲೇ ನೆಲೆನಿಂತವರ ಚಿಕ್ಕ ಕನ್ನಡ ಸಭೆ ನಮ್ಮದು. ಸ್ವಂತ ಚರ್ಚಿಲ್ಲ, ಭಾನುವಾರ ಒಂದು ಮರಾಠಿ ಶಾಲೆಯ ಹಾಲ್‌ನಲ್ಲಿ ಆರಾಧನೆ. ನಾವು ಮಕ್ಕಳು ಹಿಂದಿಯಲ್ಲಿ ಉತ್ತರ ಕೊಟ್ಟರೆ, "ದೇವರಿಗೆ ಹಿಂದಿ ಬರ್ತದೆ, ನನಗೆ ಬರುವುದಿಲ್ಲ. ಕನ್ನಡದಲ್ಲಿ ಹೇಳು" ಎಂದು ಕಿವಿ ಹಿಂಡುತ್ತಿದ್ದರು. ಸಾಧುಪ್ರಾಣಿ ಏನಲ್ಲ. ಪಾದ್ರಿಗಳ ಪ್ರಸಂಗದ ಹೊತ್ತಿಗೆ ಸರಿಯಾಗಿ ತೂಕಡಿಸುತ್ತಿದ್ದರು, ಸ್ಟೇಷನ್ ಹೊರಗಿನ ಮೀನಿನವಳ ಜೊತೆ ಮರಾಠಿಯಲ್ಲಿ ಗಂಟಲು ಹರಿಯುವಂತೆ ಜಗಳ ಆಡುತ್ತಿದ್ದರು. ಬೆಳಿಗ್ಗೆ ಚಹಾದ ನೀರು ಕುದಿಯುವಾಗ ಅವರ ಪ್ರಾರ್ಥನೆ. "ಕರ್ತನೇ, ಇವತ್ತು ಎಂತ ಕೆಲಸ ಉಂಟು?" ಅಷ್ಟೇ. ಆಮೇಲೆ ಗ್ಯಾಸ್ ಆರಿಸುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ಯಾವ ಜಗಳವನ್ನೂ ಮರುದಿನಕ್ಕೆ ಉಳಿಸುತ್ತಿರಲಿಲ್ಲ. ಒಮ್ಮೆ ಸಭೆಯ ಕಾರ್ಯದರ್ಶಿಯ ಹೆಂಡತಿಯೊಡನೆ ಕ್ರಿಸ್ಮಸ್ ಕೇಕಿನ ವಿಷಯಕ್ಕೆ ಜೋರು ಮಾತಾಯಿತು. ಸಂಜೆ ರಿಕ್ಷಾ ಹಿಡಿದು ಅವರ ಮನೆಗೆ ಹೋಗಿ, ಚಪ್ಪಲಿ ಕೂಡ ಬಿಚ್ಚದೆ ಬಾಗಿಲಲ್ಲೇ, "ನನ್ನದೂ ತಪ್ಪು, ನಿನ್ನದೂ ತಪ್ಪು, ಮುಗೀತು" ಎಂದು ಹೇಳಿ ವಾಪಸು ಬಂದರು. ನಾನು ನಕ್ಕರೆ ಗದರಿದರು. "ನಾಳೆ ದೇವರು ಯಾರ ಮನೆಗೆ ಕಳಿಸ್ತಾನೋ ಏನೋ. ಮನಸ್ಸಲ್ಲಿ ಕಸ ಇಟ್ಕೊಂಡು ಹೋದ್ರೆ ಕೈ ಒರಟಾಗ್ತದೆ."

ಇನ್ನು ನಮ್ಮ ಸಭೆಯ ಸಿದ್ಧತೆಯ ಕಥೆ. ನನ್ನ ಮದುವೆಯಾದ ಮೇಲೆ ನಡೆದದ್ದು, ಹೇಳುವಾಗ ಈಗಲೂ ಮೈ ಉರಿಯುತ್ತದೆ. ಘೋಡಬಂದರ್ ರಸ್ತೆಯ ಆಚೆ ಒಂದು ರಿಸಾರ್ಟಿನಲ್ಲಿ ಆತ್ಮಿಕ ಶಿಬಿರ. ವಿಷಯ, ದೇವರ ಸೇವೆಗೆ ಸದಾ ಸಿದ್ಧರಾಗಿರುವುದು. ಎಲ್ಲರಿಗೂ ಹಳದಿ ಟೀಶರ್ಟು, ಬೆನ್ನ ಮೇಲೆ ದೊಡ್ಡದಾಗಿ 'ಸಿದ್ಧ'. ಟೀಚರ್ ಅದನ್ನು ಸೀರೆಯ ಮೇಲೆ ಹಾಕಲು ಒಪ್ಪದೆ ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು. ಬಸ್ಸು ಇನ್ನೇನು ಹೊರಡಬೇಕು, ಅವರ ಫೋನು ಬಡಿಯಿತು.

ಲೋಕಲ್ ಟ್ರೇನಿನಲ್ಲಿ ನಾಲ್ಕೈದು ಸ್ಟೇಷನ್ ಆಚೆಯ ಟಿಟ್ವಾಳಾದಿಂದ ಬಂದ ಫೋನು. ನಮ್ಮ ಸಭೆಯಲ್ಲಿ ವರ್ಷಾನುಗಟ್ಟಲೆ ಹಾರ್ಮೋನಿಯಂ ನುಡಿಸಿದ ಅಜ್ಜ ಲಕ್ವ ಹೊಡೆದು ಅಲ್ಲಿ ಒಂದು ಚಿಕ್ಕ ಫ್ಲ್ಯಾಟಿನಲ್ಲಿ ಮಲಗಿದ್ದರು. ಹೆಂಡತಿ ತೀರಿಹೋಗಿದ್ದರು, ಮಗ ಹಡಗಿನ ಕೆಲಸದಲ್ಲಿದ್ದ. ನೋಡಿಕೊಳ್ಳಲು ಇಟ್ಟಿದ್ದ ಆಳು ಹೇಳದೆ ಕೇಳದೆ ಊರಿಗೆ ಹೋಗಿದ್ದಾನೆ, ಅಜ್ಜ ನಿನ್ನೆಯಿಂದ ಕೊಳಕಿನಲ್ಲೇ ಬಿದ್ದಿದ್ದಾರೆ, ವಾಸನೆ ಹೊರಗಿನ ಮೆಟ್ಟಿಲ ತನಕ ಬರುತ್ತಿದೆ ಎಂದು ಪಕ್ಕದ ಮನೆಯ ಹೆಂಗಸು ಹೇಳಿದಳು.

ಟೀಚರ್ ವಿಷಯ ತಿಳಿಸಿದರು. ಬಸ್ಸಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾರ್ಯದರ್ಶಿ ಎದ್ದು ನಿಂತು, "ಟೀಚರ್, ಬುಕಿಂಗ್ ಎಲ್ಲ ಆಗಿದೆ. ಹೀಗೆ ಮಾಡುವ, ಎಲ್ಲರೂ ಒಂದೇ ಮನಸ್ಸಿನಿಂದ ಅಜ್ಜನಿಗೋಸ್ಕರ ಇಲ್ಲೇ ಪ್ರಾರ್ಥನೆ ಮಾಡುವ" ಎಂದರು. ಥೂ! ಅವರ ದನಿಯಲ್ಲಿ ಎಂಥ ನಯ! ಎಲ್ಲ ಹಳದಿ ಟೀಶರ್ಟುಗಳೂ ಬಾಗಿದವು. ಕಾರ್ಯದರ್ಶಿ ಉದ್ದಕ್ಕೆ ಪ್ರಾರ್ಥಿಸಿದರು, ಅಜ್ಜನ ಬಳಿಗೆ ನಿನ್ನ ದೂತರನ್ನು ಕಳಿಸು ಎಂದು ದೇವರನ್ನು ಬೇಡಿದರು. ಕಣ್ಣು ತೆರೆದು ನೋಡಿದರೆ ಟೀಚರ್ ಬ್ಯಾಗಿನ ಸಮೇತ ಬಾಗಿಲ ಮೆಟ್ಟಿಲ ಮೇಲಿದ್ದರು.

"ನೀವು ಹೊರಡಿ, ನಾನು ಟಿಟ್ವಾಳಾ ಲೋಕಲ್ ಹಿಡೀತೇನೆ" ಎಂದವರೇ ನನ್ನ ಕಡೆ ತಿರುಗಿದರು. "ನೀನೆಂತ ಕೂತದ್ದು? ಇಳಿ."

ಇಳಿದೆ. ನನ್ನ ಗಂಡ ಕಿಟಕಿಯಿಂದ ಟಾಟಾ ಮಾಡಿದರು.

ಆ ಕೋಣೆಯನ್ನು ವರ್ಣಿಸುವುದಿಲ್ಲ. ಬಾಗಿಲು ತೆರೆದದ್ದೇ ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿದೆ. ಅಜ್ಜ ಗೋಡೆಯ ಕಡೆ ಮುಖ ಮಾಡಿ, "ಬೇಡ ಟೀಚರ್, ನೀವು ಮುಟ್ಟಬೇಡಿ, ಹೇಸಿಗೆ" ಎಂದು ಗೋಗರೆಯುತ್ತಿದ್ದರು. ಲಕ್ವದಿಂದಾಗಿ ಅವರ ಮಾತು ತೊದಲುತ್ತಿತ್ತು. ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹೇಸಿಗೆ ಆಗದೆ ಉಂಟಾ ಅಣ್ಣ? ಸುಳ್ಳು ಯಾಕೆ ಹೇಳ್ಬೇಕು. ಆದ್ರೆ ನಾನು ಆ ಹೇಸಿಗೆಯ ಅಪ್ಪಣೆ ಕೇಳಿ ಬಂದದ್ದಲ್ಲ" ಎಂದರು. ಆಮೇಲೆ ಬಚ್ಚಲಿನ ಕಡೆಗೆ ಕೂಗಿದರು. "ಏ, ನಿನ್ನದು ಮುಗೀತಾ? ಹಾಗಾದ್ರೆ ಬಿಸಿನೀರು ತಾ."

ಅಜ್ಜನನ್ನು ತೊಳೆದು, ಒರೆಸಿ, ಪೌಡರ್ ಹಾಕಿದೆವು. ಬೇರೆ ಒಳ್ಳೆಯ ಬಟ್ಟೆ ಸಿಗದೆ ಆ ಹಳದಿ ಟೀಶರ್ಟನ್ನೇ ತೊಡಿಸಿದರು. ಗಂಜಿ ಕುಡಿಸುವ ಹೊತ್ತಿಗೆ ನನ್ನ ಫೋನಿಗೆ ಸಭೆಯ ವಾಟ್ಸಾಪ್ ಗ್ರೂಪಿನಿಂದ ಫೋಟೋ ಬಂತು. ಈಜುಕೊಳದ ಎದುರು ಎಲ್ಲರೂ ಕೈ ಎತ್ತಿ ನಿಂತಿದ್ದರು. ಕೆಳಗೆ, 'ಕರ್ತನೇ, ನಾವು ಸಿದ್ಧ!' ಆ ಕೋಣೆಯ ವಾಸನೆಗಿಂತ ಹೆಚ್ಚು ಅಸಹ್ಯ ನನಗೆ ಆ ಫೋಟೋದಿಂದ ಆಯಿತು. ಟೀಚರ್‌ಗೆ ತೋರಿಸಿದರೆ, "ಈಜಲಿ ಬಿಡು, ಸೆಖೆ ಉಂಟು" ಎಂದು ಚಮಚ ತುಂಬಿದರು. ಅವರ ಈ ಒಳ್ಳೆಯತನವೂ ಒಮ್ಮೊಮ್ಮೆ ನನಗೆ ಸಿಟ್ಟು ತರಿಸುತ್ತಿತ್ತು.

ಹೊಸ ಆಳು ಬಂದ. ಅವನಿಗೆ ಬುಧವಾರ ರಜೆ. ಅಂದಿನಿಂದ ಬುಧವಾರ ಟೀಚರದ್ದಾಯಿತು. ಆಫೀಸಿಗೆ ರಜೆ ಸಿಕ್ಕಾಗ ನಾನೂ ಹೋಗುತ್ತಿದ್ದೆ. ಮಗ್ಗುಲು ತಿರುಗಿಸುವುದು, ಬೆನ್ನಿನ ಹುಣ್ಣು ತೊಳೆಯುವುದು, ಅಜ್ಜನಿಗೆ ನಾಚಿಕೆಯಾಗದ ಹಾಗೆ ಬೇರೆ ಏನಾದರೂ ಹರಟುತ್ತಿರುವುದು, ಎಲ್ಲ ಅವರಿಂದಲೇ ಕಲಿತೆ. ಸಭೆಯಲ್ಲಿ ಟೀಚರ್‌ಗೆ ಒಂದು ಶಾಲು ಹೊದಿಸಿದರು. ಟಿಟ್ವಾಳಾಕ್ಕೆ ಮಾತ್ರ ಯಾರೂ ಬರಲಿಲ್ಲ.

ಹೋದ ವರ್ಷ ಟೀಚರ್ ಅಡುಗೆಮನೆಯಲ್ಲಿ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಮಣ್ಣು ಮಾಡುವ ದಿನ ಬುಧವಾರ ಬಂತು.

ಶಾಲೆಯ ಹಾಲ್‌ನಲ್ಲಿ ಶವಪೆಟ್ಟಿಗೆ ಇಟ್ಟು ಭಾಷಣ ಶುರು ಮಾಡಿದರು. ಟೀಚರ್ ಸದಾ ಸಿದ್ಧರಾಗಿದ್ದ ದೇವರ ಸೇವಕಿ ಎನ್ನುವ ಬಾಯಿಗಳು ಒಂದಾದ ಮೇಲೊಂದು. ಕಾರ್ಯದರ್ಶಿ ಕರ್ಚೀಫಿನಿಂದ ಕಣ್ಣೊರೆಸಿಕೊಂಡು ಬಂದು ಪಕ್ಕದಲ್ಲಿ ಕೂತಾಗ ನಾನು ಮೆಲ್ಲಗೆ ಕೇಳಿದೆ. "ಇವತ್ತು ಬುಧವಾರ. ಅಜ್ಜನ ಹತ್ತಿರ ಯಾರು ಹೋಗುವುದು?"

"ಇವತ್ತು ಹೇಗೆ ಆಗ್ತದೆ ಮಾರಾಯ್ತಿ? ಮೊದಲು ಮಣ್ಣು ಮುಗೀಲಿ" ಎಂದರು. ಆಮೇಲೆ ನನ್ನ ಕೈ ತಟ್ಟಿ, "ಪ್ರಾರ್ಥನೆಯಲ್ಲಿ ಅಜ್ಜನ ಹೆಸರೂ ಸೇರಿಸ್ತೇನೆ" ಎಂದರು.

ನಾನು ಎದ್ದೆ. ಟೀಚರ್ ಮುಖವನ್ನು ಒಮ್ಮೆ ನೋಡಿ, ಎಲ್ಲರ ಕಾಲು ತುಳಿದುಕೊಂಡು ಹೊರಗೆ ಬಂದು ಸ್ಟೇಷನ್ನಿಗೆ ನಡೆದೆ. ನನ್ನನ್ನು ಮನುಷ್ಯಳನ್ನಾಗಿ ಮಾಡಿದವರ ಮೇಲೆ ಒಂದು ಹಿಡಿ ಮಣ್ಣು ಹಾಕಲು ನಾನಿರಲಿಲ್ಲ.

"ಟೀಚರ್ ಬರ್ಲಿಲ್ವಾ?" ಎಂದು ಅಜ್ಜ ಬಾಗಿಲ ಕಡೆ ನೋಡಿದರು. ಹೇಳಿದೆ. ಸರಿಯಿದ್ದ ಒಂದು ಕೈಯಿಂದ ಮುಖ ಮುಚ್ಚಿಕೊಂಡು ತುಂಬ ಹೊತ್ತು ಅತ್ತರು.

"ಮಣ್ಣು ಯಾವಾಗ?"

"ಈಗ."

"ಮತ್ತೆ ನೀನಿಲ್ಲಿ?"

ನಾನು ಬಕೆಟ್ ತಂದಿಟ್ಟು ಹೊದಿಕೆ ಸರಿಸಿದೆ. ವಾಸನೆ ಹೊಡೆದು ಕೈ ಬಾಯಿಗೆ ಹೋಯಿತು. ಮುಖ ತಿರುಗಿಸುವಷ್ಟರಲ್ಲಿ ಅಜ್ಜ ನೋಡಿಬಿಟ್ಟರು.

"ನಿನಗೆ ವಾಕರಿಕೆ ಬರ್ತದಲ್ಲ ಮಗಾ."

"ಬರ್ತದೆ ಅಜ್ಜ" ಎಂದೆ. "ನೀವು ಸ್ವಲ್ಪ ಎಡಕ್ಕೆ ತಿರುಗಿ."