ಪೊರ್ಬುಗಳ ಗೇಟು

ಕಾಸರಗೋಡಿನಲ್ಲಿ ನಾನು ಉಳಿದುಕೊಂಡ ಮನೆಯ ಶೆಟ್ಟರು ನಿವೃತ್ತ ಮಾಸ್ತರು. ಬೆಳಿಗ್ಗೆ ವಾಕಿಂಗಿಗೆ ನನ್ನನ್ನೂ ಹೊರಡಿಸಿದರು. ಈ ಓಣಿಯ ಮುದುಕರು ಒಬ್ಬೊಬ್ಬರೇ ನಡೆಯುವುದಿಲ್ಲ. ಪ್ರತಿ ಗೇಟಿನ ಕೊಂಡಿ ಅಲ್ಲಾಡಿಸಿ ನಿಲ್ಲುತ್ತಾರೆ. ಒಳಗಿನಿಂದ ಒಂದು ಕೆಮ್ಮು ಕೇಳುತ್ತದೆ, ಆ ಮನೆಯವರು ಬಂದು ಸೇರಿಕೊಳ್ಳುತ್ತಾರೆ.

ಕೊನೆಯ ಮನೆಯ ಅಂಗಳದಲ್ಲಿ ಮೊಣಕಾಲೆತ್ತರದ ಹುಲ್ಲು, ಬಾಗಿಲಿಗೆ ಬೀಗ. ಅಲ್ಲಿಯೂ ಕೊಂಡಿ ಅಲ್ಲಾಡಿಸಿದರು.

"ಇಲ್ಲಿ ಯಾರುಂಟು?" ಎಂದು ಕೇಳಿದೆ.

"ನಮ್ಮ ಸಾಲ್ವದೋರ್ ಪೊರ್ಬುಗಳು. ತೀರಿಕೊಂಡು ವರ್ಷವಾಯ್ತು. ಕರೆಯದೆ ಹೋದರೆ ಬೇಜಾರು ಮಾಡ್ಕೊಳ್ತಾರೆ" ಎಂದರು ಶೆಟ್ಟರು. ಈ ಕಡೆ ಕ್ರೈಸ್ತರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತಾರೆ.

ನನಗೆ ನಗು ಬಂತು. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಸುಡುತ್ತಿದ್ದ ತರಗೆಲೆಯ ಹೊಗೆ ಗಂಟಲಿಗೆ ಹೊಕ್ಕು, ಕೆಮ್ಮಿಬಿಟ್ಟೆ.

ಎಲ್ಲರೂ ನನ್ನತ್ತ ತಿರುಗಿದರು. ಯಾರೂ ನಗಲಿಲ್ಲ. ರಸ್ತೆಯ ಅಂಚಿನಲ್ಲಿ ಒಬ್ಬರಿಗೆ ಬೇಕಾದಷ್ಟು ಜಾಗ ಬಿಟ್ಟು ಸರಿದರು. ನಾನು ಅಲ್ಲಿ ನಡೆಯತೊಡಗಿದೆ.

"ಗಂಟುನೋವು ಹೇಗುಂಟು ಪೊರ್ಬುಗಳೇ?" ಎಂದು ಒಬ್ಬರು ನನ್ನನ್ನೇ ಕೇಳಿದರು.

ನನಗೆ ಗಂಟುನೋವೇ ಇಲ್ಲ. ಆದರೂ "ಈಗ ಅಡ್ಡಿಯಿಲ್ಲ" ಎಂದೆ.

ವಾಪಸು ಬರುವಾಗ ಆ ಹುಲ್ಲು ಬೆಳೆದ ಮನೆಯ ಮುಂದೆ ಎಲ್ಲರೂ ನಿಂತರು. ಶೆಟ್ಟರು ಗೇಟು ತೆರೆದು ಹಿಡಿದು, ನಾನು ಒಳಗೆ ಹೋಗಲೆಂದು ಕಾದರು.