ಲಚ್ಯಾಣದ ಬಾವಿಯ ಮೇಲೆ ಹೆಲಿಕಾಪ್ಟರ್

ಇದನ್ನು ನೀವು ನಂಬಬೇಡಿ. ನಂಬದೆ ಕೊನೆಯವರೆಗೆ ಓದಿ ತೋರಿಸಿ, ನೋಡೋಣ. ನನ್ನ ಬಗ್ಗೆ ಸಿಂದಗಿ ಬಸ್‌ಸ್ಟ್ಯಾಂಡಿನ ಎದುರಿನ ಚಹಾ ಹೋಟೆಲಿನಲ್ಲಿ ಕೇಳಿದರೆ, "ಅಂವನ ಮಾತ ನಂಬಿ ಕೆಟ್ಟವ್ರು ಭಾಳ ಮಂದಿ ಅದಾರ್ರಿ" ಎಂದು ಮೊದಲೇ ಎಚ್ಚರಿಸುತ್ತಾರೆ. ಅದು ಖರೆ. ಮುದ್ದೇಬಿಹಾಳದ ನನ್ನ ಬೀಗರಿಗೆ ಒಮ್ಮೆ ದನಿ ಬದಲಿಸಿ ಫೋನು ಮಾಡಿ, ನಾಳೆ ಮಂತ್ರಿಗಳು ನಿಮ್ಮಲ್ಲಿ ಊಟಕ್ಕೆ ಬರುತ್ತಾರೆ ಎಂದೆ. ಓಣಿಯ ಹೆಂಗಸರೆಲ್ಲ ಸೇರಿ ಹೋಳಿಗೆ ಮಾಡಿದರು. ಮರುದಿನ ಮಂತ್ರಿಯ ಬದಲು ನಾನು ಹೋದೆ, ಹೊಟ್ಟೆ ಬಿರಿಯ ತಿಂದೆ, ಉಳಿದದ್ದನ್ನು ಕಟ್ಟಿಸಿಕೊಂಡು ಬಂದೆ. ಈ ಜಿಲ್ಲೆಯಲ್ಲಿ ನನ್ನಷ್ಟು ಚಂದ ಸುಳ್ಳು ಹೇಳುವವನು ಇನ್ನೊಬ್ಬನಿದ್ದರೆ ಕರೆತನ್ನಿ, ಅವನಿಗೆ ನಾನೇ ಶಾಲು ಹೊದಿಸುತ್ತೇನೆ.

ಹೀಗೆ ಮಂದಿಗೆ ಸುಳ್ಳು ಉಣಿಸುವವನು ತಾನು ಸುಲಭಕ್ಕೆ ಏನನ್ನೂ ನುಂಗುವುದಿಲ್ಲ. ದೆವ್ವ, ಮಾಟ, ಮೈಮೇಲೆ ಬರುವುದು, ಯಾವುದನ್ನೂ ನಾನು ನಂಬಿದವನಲ್ಲ. ಬಿಳಿ ಧೋತರ ಹೊದ್ದು ಎಷ್ಟೋ ದೆವ್ವಗಳನ್ನು ನಾನೇ ತಯಾರು ಮಾಡಿದ್ದೇನೆ. ಅದಕ್ಕೇ ಈ ಸಂಗತಿ ನೆನೆದರೆ ನನಗೆ ಹೆದರಿಕೆಗಿಂತ ಹೇಸಿಗೆ ಹೆಚ್ಚು. ಗಂಟಲಲ್ಲಿ ಏನೋ ಲೋಳೆ ಅಂಟಿದಂತಾಗುತ್ತದೆ. ಇಂಥವು ಅಮಾವಾಸ್ಯೆಯ ರಾತ್ರಿಯೇ ನಡೆಯಬೇಕು ಎಂದು ಕಾಯುತ್ತಿದ್ದರೆ ಕಾಯಬೇಡಿ. ಇದು ನಡೆದದ್ದು ಕೆಲವು ವರ್ಷಗಳ ಹಿಂದೆ, ಬಸವನ ಬಾಗೇವಾಡಿಯ ಒಂದು ತಗಡಿನ ಶೆಡ್ಡಿನಲ್ಲಿ, ಬೇಸಿಗೆಯ ಮಟಮಟ ಮಧ್ಯಾಹ್ನ.

ಶೆಡ್ಡು ನನ್ನ ಬಾಲ್ಯದ ಗೆಳೆಯ ಗುರುಪಾದನದು. ಅವನು ಸೈನ್ಯದಲ್ಲಿ ಹೆಲಿಕಾಪ್ಟರುಗಳ ನಟ್ಟು ಬಿಗಿಯುತ್ತಲೇ ವಯಸ್ಸು ಕಳೆದವನು. ಬಿಗಿದದ್ದೇ ಬಂತು, ಹಾರಿಸಲು ಯಾರೂ ಕೊಡಲಿಲ್ಲ. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಆ ಸಿಟ್ಟನ್ನು ಹೀಗೆ ತೀರಿಸಿಕೊಂಡ: ಗುಜರಿಯಿಂದ ಜೀಪಿನ ಸೀಟು, ಟ್ರ್ಯಾಕ್ಟರಿನ ಪೆಡಲ್ಲು ತಂದು, ಎದುರಿಗೆ ದೊಡ್ಡ ಪರದೆಗಳನ್ನಿಟ್ಟು, ಎಲ್ಲವನ್ನೂ ಕಂಪ್ಯೂಟರಿಗೆ ಜೋಡಿಸಿ, ಹೆಲಿಕಾಪ್ಟರ್ ಹಾರಿಸುವುದನ್ನು ಕಲಿಸುವ ಸಿಮ್ಯುಲೇಟರ್ ಕಟ್ಟಿದ. ನೀವು ಕುಳಿತಿರುವುದು ನೆಲದ ಮೇಲೆಯೇ, ಹಾರುವುದು ಪರದೆಯಲ್ಲಿ. ಕೆಳಗೆ ಕಾಣುವುದು ಮಾತ್ರ ಆಕಾಶದಿಂದ ತೆಗೆದ ನಮ್ಮದೇ ನೆಲದ ಫೋಟೊ. ಮುಳವಾಡದ ಕಾಲುವೆ, ರೈಲು ಹಳಿ, ಹೊಲದ ಬದು, ಮನೆಯ ಮಾಳಿಗೆ ಎಲ್ಲ ಗುರುತು ಸಿಗುತ್ತಿದ್ದವು.

ನಾನು ಜೀವನವೆಲ್ಲ ಲಾರಿ ಹೊಡೆದವನು. "ಇದೇನ್ ದೊಡ್ಡ ಮಾತಪಾ, ಸಂಜಿಮಟ ಕಲ್ತು ನಿನಗ ಕಲಿಸ್ತೇನಿ" ಎಂದು ಕುಳಿತೆ. ಕುಳಿತ ಕೂಡಲೇ ಹೇಸಿಗೆ ಶುರುವಾಯಿತು. ಸೀಟಿನ ರೆಗ್ಜಿನ್ನು ಬೆವರಿಗೆ ಅಂಟಿ, ಎದ್ದರೆ ಚರ್ಮ ಕಿತ್ತ ಸದ್ದು ಮಾಡುತ್ತಿತ್ತು. ಹೆಡ್‌ಫೋನಿನ ಸ್ಪಂಜು ಗುರುಪಾದನ ತಲೆಯ ಎಣ್ಣೆ ಕುಡಿದು ಜಿಬಿಜಿಬಿಯಾಗಿತ್ತು. ಕಿವಿಗೆ ಹಾಕಿದರೆ ಎಮ್ಮೆ ನೆಕ್ಕಿದ ಹಾಗೆ.

ಎಡಗೈಯ ಲಿವರ್ ಎತ್ತಿದರೆ ಹೆಲಿಕಾಪ್ಟರ್ ಏರುತ್ತದೆ, ಪೆಡಲ್ಲು ಒತ್ತಿದರೆ ಮೂತಿ ತಿರುಗುತ್ತದೆ, ನಡುವಿನ ಕೋಲು ವಾಲಿಸಿದ ಕಡೆಗೆ ಹೋಗುತ್ತದೆ. ಹೇಳಲು ಇಷ್ಟೇ. ಆದರೆ ಒಂದನ್ನು ಮುಟ್ಟಿದರೆ ಉಳಿದೆರಡೂ ಮುನಿಸಿಕೊಳ್ಳುತ್ತವೆ. ಲಿವರ್ ಎತ್ತಿದೆ, ಮೂತಿ ತಿರುಗಿತು. ಪೆಡಲ್ಲು ಒತ್ತಿದೆ, ಪಕ್ಕಕ್ಕೆ ಜಾರಿತು. ಕೋಲು ಎಳೆದೆ, ಬೆನ್ನಡಿಯಾಗಿ ಬಿತ್ತು. ಎಲ್ಲಕ್ಕಿಂತ ಕಷ್ಟದ್ದು ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವುದು. ಎಡಕ್ಕೆ ಜಾರಿತೆಂದು ಬಲಕ್ಕೆ ತಿದ್ದುವಷ್ಟರಲ್ಲಿ ಅದು ತಾನಾಗಿಯೇ ಬಲಕ್ಕೆ ಹೊರಟಿರುತ್ತದೆ. ಆಮೇಲೆ ಕುಡಿದವನ ಹಾಗೆ ತೂಗಾಡಿ ನೆಲಕ್ಕೆ ಬಡಿಯುತ್ತದೆ.

"ಲೇ, ಅದು ಲಾರಿ ಸ್ಟೇರಿಂಗ್ ಅಲ್ಲ" ಎನ್ನುತ್ತಿದ್ದ ಗುರುಪಾದ. "ಕೋಲ ಹಿಡೀಬ್ಯಾಡ, ಬೆರಳ ತುದೀಲೆ ಮುಟ್ಟು. ಮಲಗಿದ ಕೂಸಿನ ಕೆನ್ನಿ ಮುಟ್ಟಿದಂಗ."

"ಎಂಥೆಂಥಾ ಸ್ಟೇರಿಂಗ್ ನನ್ನ ಕೈಯಾಗ ಕುಣದಾವಲೇ."

"ಕುಣದಾವ, ಅದಕ್ಕ ಇದೂ ಕುಣ್ಯಾಕತ್ತೈತಿ. ನಿಲ್ಲಸು!"

ಕಣ್ಣೆದುರು ಊರೆಲ್ಲ ಓಡುತ್ತದೆ, ಅಂಡು ಮಾತ್ರ ಓಡುವುದಿಲ್ಲ. ಇದು ಹೊಟ್ಟೆಗೆ ತಿಳಿಯದು. ಮೊದಲ ದಿನ ಉಂಡ ರೊಟ್ಟಿ, ಜುಣಕ ಎಲ್ಲ ಗುರುಪಾದನ ಬಕೆಟ್ಟಿಗೆ ಹೋಯಿತು. ಅವನು ಬಗ್ಗಿ ನೋಡಿ, "ಜುಣಕಾ ಚೊಲೊ ಹದಕ್ಕ ಬಂದಿತ್ತು ಬಿಡು" ಎಂದ. ಅಂಥ ಹೊಲಸು ಮನುಷ್ಯ ಅವನು. ನನ್ನ ಗೆಳೆಯನಲ್ಲವೇ.

ಆದರೂ ನಾನು ಬಿಡಲಿಲ್ಲ. ಸಿಂದಗಿಯಿಂದ ಬಂದು ಅವನ ಮನೆಯಲ್ಲೇ ಉಳಿಯುತ್ತಿದ್ದೆ. ಹತ್ತಿರದ ನೆಲ ನೋಡದೆ ದೂರದ ಗಿಡ ನೋಡಬೇಕು, ಕೋಲನ್ನು ದೂಡದೆ ಬರೀ ದೂಡುವ ಮನಸ್ಸು ಮಾಡಬೇಕು ಎಂಬ ಗುಟ್ಟು ಕೈಗೆ ಹತ್ತಿತು. ಒಂದು ದಿನ ಆ ಹಾಳು ಯಂತ್ರ ಗಾಳಿಯಲ್ಲಿ ಅಲುಗದೆ ನಿಂತಿತು. ನನ್ನ ವಯಸ್ಸಿನಲ್ಲಿ ಯಾರೂ ಮಾಡಿರಲಿಕ್ಕಿಲ್ಲ. ಮಾಡಿದ್ದರೂ ನನ್ನಷ್ಟು ಠೀವಿಯಿಂದ ಮಾಡಿರಲಿಕ್ಕಿಲ್ಲ.

ಆ ಉಮೇದಿನಲ್ಲಿ ಅಕ್ಕನ ಮನೆಗೆ ಹಾರಿ ಹೋಗುವ ಆಸೆಯಾಯಿತು. ಅಕ್ಕ ಸಂಗವ್ವ ಇರುವುದು ಇಂಡಿ ತಾಲೂಕಿನ ಲಚ್ಯಾಣದ ಆಚೆ, ಹೊಲದಲ್ಲಿ ಕಟ್ಟಿದ ಮನೆಯಲ್ಲಿ. ಜೊತೆಗೆ ಮಗ ಮಲ್ಲು. ಮಗಳು ನೀಲಾ ಆಗ ಬಾಣಂತನಕ್ಕೆ ಬಂದಿದ್ದಳು, ಕೂಸು ಇನ್ನೂ ಎಳೆಯದು. ಬೇಸಿಗೆಯಲ್ಲಿ ಆ ಮನೆಯವರು ಕುಡಿಯುವುದು, ಅಡಿಗೆ ಮಾಡುವುದು, ಕೂಸಿಗೆ ಎರೆಯುವುದು ಎಲ್ಲ ಮನೆ ಮುಂದಿನ ಬಾವಿಯ ನೀರಿನಿಂದ.

ರೈಲು ಹಳಿಯನ್ನೇ ಹಿಡಿದು ಉತ್ತರಕ್ಕೆ ಹಾರಿದೆ. ಇಂಡಿ ಸ್ಟೇಶನ್ ದಾಟಿತು, ಲಚ್ಯಾಣ ಬಂತು. ಅಕ್ಕನ ಬೇವಿನ ಮರ, ಮಾಳಿಗೆ, ಕರಿ ಚುಕ್ಕೆಯಂಥ ಬಾವಿ ಕಂಡವು. ಬಾವಿಯ ಮೇಲೆಯೇ ತಂದು ನಿಲ್ಲಿಸಿದೆ.

ಆಗ ನಾತ ಬಂತು.

ಹೇಗೆ ಹೇಳಲಿ? ಸತ್ತು ಉಬ್ಬಿದ ಮೈ ಒಡೆದಾಗ ಬರುವಂಥದ್ದು. ಮೂಗಿನಲ್ಲಿ ನಿಲ್ಲದೆ ನಾಲಿಗೆಯ ಮೇಲೆ ಕೂರುವಂಥದ್ದು. ಬಕೆಟ್ಟು ಎಳೆದುಕೊಂಡೆ. ಹೆಲಿಕಾಪ್ಟರ್ ಪಕ್ಕಕ್ಕೆ ಜಾರಿತು, ನಾತ ಹೋಯಿತು. ಶೆಡ್ಡಿನಲ್ಲಿ ಇಲಿ ಸತ್ತಿರಬೇಕೆಂದು ಇಬ್ಬರೂ ಪರದೆ ಸರಿಸಿ, ಸೀಟು ಎತ್ತಿ, ಮೂಲೆ ಮೂಲೆ ಹುಡುಕಿದೆವು. ಏನೂ ಇಲ್ಲ. ಗುರುಪಾದನಿಗೆ ವಾಸನೆ ಬಂದೇ ಇರಲಿಲ್ಲ. ಮತ್ತೆ ಕುಳಿತು ಬಾವಿಯ ಮೇಲೆ ಹೋದೆ. ಮತ್ತೆ ಬಂತು. ಬೇವಿನ ಮರದ ಕಡೆ ಸರಿದರೆ ಕಡಿಮೆ, ಬಾವಿಯ ಕಡೆ ಬಂದರೆ ಹೆಚ್ಚು.

"ಹೋಳಿಗಿ ಮಂತ್ರಿ, ನಿನ್ನ ಆಟ ನನ್ನ ಮುಂದ ನಡ್ಯಾಂಗಿಲ್ಲ" ಎಂದು ಗುರುಪಾದ ನನ್ನನ್ನು ಎಬ್ಬಿಸಿ, ಹಿಂದೆ ಕುರ್ಚಿಯಲ್ಲಿ ಕೂರಿಸಿ, ಟವೆಲಿನಿಂದ ಕಣ್ಣು ಕಟ್ಟಿದ. ಸದ್ದು ಬಂದ್ ಮಾಡಿ ತಾನೇ ಹಾರಿಸತೊಡಗಿದ. ನಾತ ಬಂದಾಗ ಕೈ ಎತ್ತಬೇಕು, ಅಷ್ಟೇ. ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. ಟವೆಲು ಬಿಚ್ಚಿದಾಗ ಅವನ ಮುಖ ಸುಣ್ಣದ ಹಾಗಿತ್ತು.

"ಒಮ್ಮೆನೂ ತಪ್ಪಲಿಲ್ಲೋ" ಎಂದ. "ನಿಮ್ಮ ಅಕ್ಕಗ ಫೋನ್ ಹಚ್ಚು."

ಹಚ್ಚಿದೆ. ಬಾವಿಯ ನೀರು ಕುಡಿಯಬೇಡ, ಕೂಸಿಗಂತೂ ಮುಟ್ಟಿಸಬೇಡ ಎಂದೆ. ಯಾಕೆ ಎಂದಳು. ಹೇಳಿದೆ. ಅಕ್ಕ ಕೆಮ್ಮು ಬರುವ ತನಕ ನಕ್ಕಳು. "ಕಂಪ್ಯೂಟರದಾಗ ನಾತ ಬಂತಂತ ನಾ ಇಷ್ಟ ದೊಡ್ಡ ಬಾವಿ ಬಿಡ್ಲೇನು? ಮುಂಜಾನೆನ ಆ ನೀರು ಕುಡದೇನಿ, ಕಲ್ಲಸಕ್ರಿ ಕುಡದಂಗ ಐತಿ. ಇಡೋ ತಮ್ಮಾ, ನನಗ ರೊಟ್ಟಿ ಬಡಿಯೂದೈತಿ."

ಜೀವನದಲ್ಲಿ ಮೊದಲ ಸಲ ನನ್ನ ಕೀರ್ತಿ ನನಗೇ ಹೇಸಿಗೆ ಎನಿಸಿತು. ಕೂಸಿನ ಬಾಯಿಗೆ ಹನಿ ಹನಿ ನೀರು ಬಿಡುವ ನೀಲಾಳ ಕೈ ಕಣ್ಣ ಮುಂದೆ ಬರುತ್ತಿತ್ತು. ಮರುದಿನ ಬೆಳಗಿನ ಬಸ್ಸು ಹಿಡಿದು, ಬಸ್ಸು ಬದಲಿಸಿ ಲಚ್ಯಾಣ ಮುಟ್ಟಿದೆ.

ನೇರವಾಗಿ ಬಾವಿಗೆ ಹೋಗಿ ಬಗ್ಗಿ ಮೂಸಿದೆ. ಏನೂ ಇಲ್ಲ. ತಂಪು ಗಾಳಿ, ಪಾಚಿಯ ವಾಸನೆ, ಕೆಳಗೆ ಕಪ್ಪು ನೀರು. ಹಿಂದೆ ಮಲ್ಲು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಮಾಮಾ, ಹೆಲಿಕಾಪ್ಟರ್ ಎಲ್ಲಿ ನಿಲ್ಲಿಸಿದಿ? ದನ ಬೆದರ್ತಾವ ನೋಡು!" ಒಳಗೆ ಕೂಸು ಅಳುತ್ತಿತ್ತು. ಹಿಂದಿನ ಸಂಜೆಯಿಂದ ಹೊಟ್ಟೆ ಜಾಡಿಸಿ ಭೇದಿಯಾಗುತ್ತಿದೆ, ಬಿಸಿಲಿನ ಝಳ ಇರಬೇಕು ಎಂದಳು ನೀಲಾ. ನಾನು ಬಡಬಡಿಸತೊಡಗಿದೆ. ನೀರು ಬಿಡಿ, ಕೂಸನ್ನು ಇಂಡಿಗೆ ಒಯ್ಯಿರಿ, ಬಾವಿಯಲ್ಲಿ ಏನೋ ಇದೆ.

ಅಕ್ಕ ಬಾವಿಯಿಂದ ಆಗಷ್ಟೇ ಸೇದಿದ ನೀರನ್ನು ತಂಬಿಗೆಯಲ್ಲಿ ತಂದು ನನ್ನ ಕೈಗಿಟ್ಟಳು. "ಕುಡದ ಹೇಳು. ಹೊಲಸಿದ್ರ ಉಗುಳು." ನಾನು ತಂಬಿಗೆಯನ್ನು ಅಂಗಳಕ್ಕೆ ಬೀಸಿ ಒಗೆದೆ. ನೀರು ಚೆಲ್ಲಿತು, ಕೋಳಿಗಳು ಚೆದುರಿದವು. ಅಕ್ಕ ಸಿಟ್ಟಾಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು. ಸಣ್ಣಂದಿನಿಂದ ನನ್ನನ್ನು ಕಂಡವಳು. ಎಂಥ ಸುಳ್ಳು ಹೇಳಿದರೂ ಕೊನೆಗೆ ನಾನು ನಗದೆ ಇರಲಾರೆ ಎಂಬುದು ಅವಳಿಗೆ ಗೊತ್ತು. ಆ ನಗುವಿಗೆ ಕಾದಳು. ಬರಲಿಲ್ಲ.

"ಮಲ್ಲೂ" ಎಂದಳು ಮೆಲ್ಲಗೆ, "ಪಾತಾಳಗರಡಿ ತಾ."

ಬಾವಿಗೆ ಬಿದ್ದ ಕೊಡ ಎತ್ತುವ ಆ ಕಬ್ಬಿಣದ ಕೊಕ್ಕೆಗಳ ಗೊಂಚಲನ್ನು ಮಲ್ಲು ಗೊಣಗುತ್ತಲೇ ಇಳಿಬಿಟ್ಟ. ಬಹಳ ಹೊತ್ತು ಆಡಿಸಿದ. ಪಂಪಿನ ಪೈಪಿನ ಬುಡದಲ್ಲಿ ಏನೋ ಸಿಕ್ಕಿತು. ಎಳೆದ, ಬರಲಿಲ್ಲ. ನಾನೂ ಹಗ್ಗಕ್ಕೆ ಕೈ ಹಾಕಿದೆ. ಬಿಡಿಸಿಕೊಂಡು ಮೇಲೆ ಬಂದದ್ದು ನಾಯಿ. ಮೊದಲು ಅದು ನಾಯಿ ಎಂದೂ ತಿಳಿಯಲಿಲ್ಲ. ಕೊಕ್ಕೆ ಸಿಕ್ಕ ಕಡೆ ಚರ್ಮ ಒದ್ದೆ ಬಟ್ಟೆಯ ಹಾಗೆ ಜಾರುತ್ತಿತ್ತು, ಕೂದಲು ಹಗ್ಗಕ್ಕೆ ಮೆತ್ತಿಕೊಂಡು ನನ್ನ ಬೆರಳಿಗೂ ಬಂತು. ಹೊಲದಲ್ಲಿ ಕುರಿ ಕೂಡಿಸಿದ್ದ ಕುರುಬರು ಮುಂದಿನ ಊರಿಗೆ ಹೋಗುವಾಗ ಒಂದು ನಾಯಿಗಾಗಿ ಬಹಳ ಕೂಗಿ ಹೋಗಿದ್ದರಂತೆ. ಬಾವಿಯ ಕಟ್ಟೆಗೆ ಬಂದ ಕೂಡಲೇ ಅದರ ನಾತ ಎದ್ದಿತು. ಶೆಡ್ಡಿನಲ್ಲಿ ಬಂದದ್ದೇ. ಅದೇ ಅಂದರೆ ಅದೇ.

ನೀಲಾ ಬಾಗಿಲಲ್ಲೇ ಕುಸಿದು ವಾಂತಿ ಮಾಡಿಕೊಂಡಳು. ಮಲ್ಲು ನಾಲಿಗೆಯನ್ನು ಟವೆಲಿನಿಂದ ತಿಕ್ಕಿದ, ತಿಕ್ಕುತ್ತಲೇ ಇದ್ದ. ಅಕ್ಕ ಕೂಸನ್ನು ಎತ್ತಿಕೊಂಡು, ಚಪ್ಪಲಿ ಕೂಡ ಹಾಕದೆ ರಸ್ತೆಗೆ ಓಡಿದಳು. ಇಂಡಿಯ ಡಾಕ್ಟರು ಒಳ್ಳೆ ಹೊತ್ತಿಗೆ ತಂದಿರಿ ಎಂದರು. ಸಲೈನ್ ಹಚ್ಚಿದರು. ಕೂಸು ಉಳಿಯಿತು. ಈಗ ಅದು ನನ್ನ ಮೀಸೆ ಹಿಡಿದು ಜಗ್ಗುತ್ತದೆ. ಬಾವಿಯನ್ನು ಪೂರ್ತಿ ಬರಿದು ಮಾಡಿ ತೊಳೆದರು. ಆದರೂ ಮಳೆ ಬಂದು ಹೊಸ ನೀರು ತುಂಬುವ ತನಕ ಅದರ ನೀರನ್ನು ಯಾರೂ ಮುಟ್ಟಲಿಲ್ಲ.

ಆಮೇಲೆ ನಾನು ಗುರುಪಾದನ ಶೆಡ್ಡಿಗೆ ಹೋಗಿ ಆ ಬಾವಿಯ ಮೇಲೆ ಹೆಲಿಕಾಪ್ಟರ್ ನಿಲ್ಲಿಸಿದೆ. ಒಮ್ಮೆ ಅಲ್ಲ, ಎಷ್ಟೋ ಸಲ. ಗುರುಪಾದನ ತಲೆಯೆಣ್ಣೆಯ ವಾಸನೆ ಬಿಟ್ಟರೆ ಏನೂ ಬರಲಿಲ್ಲ. ಆ ಫೋಟೊ ಬಹಳ ಹಳೆಯದಂತೆ. ಮಲ್ಲು ಕಟ್ಟಿದ ದನದ ಕೊಟ್ಟಿಗೆಯೇ ಅದರಲ್ಲಿಲ್ಲ, ಆ ನಾಯಿ ಹುಟ್ಟಿಯೂ ಇರಲಿಕ್ಕಿಲ್ಲ. ತಲೆ ತಿರುಗಿದಾಗ ಇಲ್ಲದ ವಾಸನೆ ಬರುತ್ತದೆ ಎನ್ನುತ್ತಾನೆ ಗುರುಪಾದ. ಬರಲಿ. ಬಾವಿಯ ಮೇಲೆಯೇ ಯಾಕೆ ಬರಬೇಕು, ಕಣ್ಣು ಕಟ್ಟಿದರೂ ಯಾಕೆ ಬರಬೇಕು ಎಂದರೆ ಅವನು ಪೆಡಲ್ಲಿಗೆ ಎಣ್ಣೆ ಬಿಡಲು ಏಳುತ್ತಾನೆ. ಅಕ್ಕ ಮಾತ್ರ ಈಗ ಫೋನಿನಲ್ಲಿ, "ಮಜ್ಜಿಗಿ ಹುಳಿ ಆಗೇತೇನು, ಒಂದೀಟು ಮೂಸಿ ಹೇಳೋ" ಎನ್ನುತ್ತಾಳೆ. ನಾನು ಗಂಭೀರವಾಗಿ ಮೂಸಿ, ಆಗಿದೆ ಎನ್ನುತ್ತೇನೆ. ಅವಳು ನಿಜವಾಗಿಯೂ ಚೆಲ್ಲುತ್ತಾಳೆ.

ಇದರಲ್ಲಿ ಸುಳ್ಳು ಯಾವುದು ಎಂದು ನೀವು ಹುಡುಕುತ್ತಿದ್ದೀರಿ. ನಾತ ನಿಜ. ಟವೆಲು ಕಟ್ಟಿದ್ದು ನಿಜ. ಹೆಲಿಕಾಪ್ಟರ್ ಅಲುಗದೆ ನಿಂತದ್ದಂತೂ ನಿಜ. ಒಂದೇ ಒಂದು ಮಾತು ನನ್ನ ಸೃಷ್ಟಿ. ಅಕ್ಕ ಕೊಟ್ಟ ತಂಬಿಗೆಯನ್ನು ನಾನು ಒಗೆಯಲಿಲ್ಲ. ಬಾವಿಯಲ್ಲಿ ವಾಸನೆ ಇರಲಿಲ್ಲ, ಮಲ್ಲು ನಗುತ್ತಿದ್ದ, ನನಗೆ ನನ್ನ ಮೂಗಿನ ಮೇಲೆಯೇ ನಂಬಿಕೆ ಹೋಗಿತ್ತು. ಅವರೆಲ್ಲ ನೋಡುತ್ತಿದ್ದಂತೆ ತಂಬಿಗೆ ಎತ್ತಿ ಗಟಗಟನೆ ಕುಡಿದೆ. ಕುಡಿದ ಮೇಲೂ ನನಗೆ ನಗು ಬರಲಿಲ್ಲ. ಅದನ್ನು ಕಂಡೇ ಅಕ್ಕ ಕೊಕ್ಕೆ ತರಿಸಿದ್ದು.

ನೀರು ತಣ್ಣಗಿತ್ತು. ಅವಳು ಹೇಳಿದಂತೆ, ಕಲ್ಲುಸಕ್ಕರೆಯ ಹಾಗೆ ಸಿಹಿಯಾಗಿತ್ತು.