ರಾಟೆ ಕಾಣದ ಸಿನಿಮಾ

ಅಜ್ಜಿಯ ಎಡಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸವೆದು ನುಣ್ಣಗಾಗಿತ್ತು. ಉಳಿದ ಬೆರಳುಗಳೆಲ್ಲ ಬಿರುಕುಬಿಟ್ಟ ಒರಟು ಬೆರಳುಗಳೇ. ಈ ಎರಡು ಮಾತ್ರ ಉಣ್ಣೆಯ ಜಿಡ್ಡು ಹೀರಿ ಎಳೆಗೂಸಿನ ಬೆರಳಿನ ಹಾಗೆ ಹೊಳೆಯುತ್ತಿದ್ದವು. ಬಲಗೈಯಲ್ಲಿ ರಾಟೆ ತಿರುಗಿಸುತ್ತ, ಈ ಎರಡು ಬೆರಳುಗಳ ನಡುವೆ ಕಂಬಳಿಯ ನೂಲು ಎಳೆಯುತ್ತಲೇ ಅವಳ ಆಯುಷ್ಯ ಕಳೆದಿತ್ತು. ರೇಷನ್ ಅಂಗಡಿಯ ಯಂತ್ರ ಆ ಹೆಬ್ಬೆರಳನ್ನು ಒಂದೇ ಸಲಕ್ಕೆ ಒಪ್ಪಿದ್ದಿಲ್ಲ. "ನನ್ನ ಮ್ಯಾಲೆ ಮಿಷನ್ನಿಗೇ ಅನುಮಾನ" ಎಂದು ನಗುತ್ತಿದ್ದಳು. ಅನುಮಾನದ ವಿಷಯದಲ್ಲಿ ಮಿಷನ್ನು ಅವಳ ಮುಂದೆ ಏನೇನೂ ಅಲ್ಲ.

ನಾನು ಚಳ್ಳಕೆರೆಯ ಹೈಸ್ಕೂಲಿಗೆ ಟೀಚರಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಅವಳ ಪಕ್ಕದ ಮನೆ. ಹಾಲಿಗೆ ಬೆರಳದ್ದಿ ನೋಡದೆ ಅವಳು ಹಾಲಿನವನ ಮುಂದೆ ಪಾತ್ರೆ ಒಡ್ಡುತ್ತಿರಲಿಲ್ಲ. ಮಳೆ ಬರುತ್ತದೆಂದು ಟಿವಿ ಹೇಳಿದರೆ ಅಂಗಳಕ್ಕಿಳಿದು ಇರುವೆ ಸಾಲು ನೋಡಿ ಬರುತ್ತಿದ್ದಳು. ಮದುವೆಯಿಲ್ಲದೆ ಒಬ್ಬಳೇ ಬಂದು ನೆಲೆಸಿದ ನನ್ನನ್ನಂತೂ ಮೊದಲ ಮೂರು ತಿಂಗಳು ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತ ಕೂತೇ ತನಿಖೆ ಮಾಡಿದಳು. ಯಾಕಜ್ಜಿ ಇಷ್ಟು ಅನುಮಾನ ಎಂದರೆ, "ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂದವ್ರೆ ಹಿರೇರು. ನಂದೇನೈತೆ ತಪ್ಪು?" ಎನ್ನುತ್ತಿದ್ದಳು.

ನನಗೊಂದು ಸಿನಿಮಾ ಹುಚ್ಚು. ದೇಶದೇಶದ ಚಿತ್ರಗಳನ್ನು ಭಾನುವಾರ ಮಧ್ಯಾಹ್ನ ಹಾಕಿಕೊಂಡು ನೋಡಿ, ಅನಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ. ಬಾಗಿಲು ಹಾಕಿಕೊಂಡು ಈ ಹುಡುಗಿ ಏನು ಮಾಡುತ್ತಾಳೆಂದು ಪತ್ತೆ ಮಾಡಲು ಬಂದ ಅಜ್ಜಿ ಗೋಡೆಗೊರಗಿ ಕೂತಳು. ಮುಂದೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ನಾನು ಕನ್ನಡದಲ್ಲಿ ಹೇಳಬೇಕು. ಅಲ್ಲೂ ಅನುಮಾನ. "ಅವನು ಅಷ್ಟೊತ್ತು ಮಾತಾಡಿದ, ನೀನು ಎಲ್ಡೇ ಮಾತು ಹೇಳಿದೆ. ಮಿಕ್ಕಿದ್ದು ಎಲ್ಲಿ ಬಚ್ಚಿಟ್ಟೆ?"

ಅವಳ ತವರು ರಾಂಪುರದ ಕಡೆ. ಬಾಯಲ್ಲಿ ಅರ್ಧ ತೆಲುಗು. ಸಿನಿಮಾದಲ್ಲಿ ಸುಳ್ಳು ಕಂಡರೆ "ಅಬದ್ಧಂ" ಎಂದು ತೀರ್ಪು ಕೊಡುವಳು. ಜಪಾನಿನ ಒಂದು ಚಿತ್ರದಲ್ಲಿ ವಿಧವೆಯೊಬ್ಬಳು ಪುಟ್ಟ ಹೋಟೆಲು ನಡೆಸುತ್ತಾಳೆ. ಆವಿಯ ನಡುವೆ ಅವಳ ಮುಖ ತೋರಿಸಿದ ರೀತಿಗೆ ನಾನು ಮರುಳಾಗಿದ್ದೆ. "ಅಷ್ಟೊತ್ತು ಒಲೆ ಮುಂದೆ ನಿಂತೋಳಿಗೆ ಒಂದು ಹನಿ ಬೆವರಿಲ್ಲ. ಅಬದ್ಧಂ" ಎಂದಳು ಅಜ್ಜಿ. ಟರ್ಕಿಯ ಕುರಿಗಾಹಿಯ ಚಿತ್ರದಲ್ಲಿ, ತೋಳ ಹೊತ್ತೊಯ್ದ ಕುರಿಗಾಗಿ ಅವನು ಅಳುವಾಗ ನಾನೂ ಅತ್ತೆ. ಅಜ್ಜಿ ಕುರಿ ಮಂದೆಯ ನಡುವೆ ಬೆಳೆದವಳು. "ಬೆಳಿಗ್ಗೆ ಹೋದ ಕುರಿ ಬ್ಯಾರೆ, ಸಂಜೆ ಬಂದ ಕುರಿ ಬ್ಯಾರೆ. ಮಂದೆನೇ ಬದಲಾಗಿದ್ದು ಗೊತ್ತಾಗದೋನು ಒಂದು ಕುರಿಗೆ ಅಳ್ತಾನಾ?" ಹಿಂದಕ್ಕೆ ಹಾಕಿ ನೋಡಿದೆ. ಬೆಳಗಿನ ಕುರಿಗಳಿಗೆ ಜೋಲುಕಿವಿ, ಸಂಜೆಯವಕ್ಕೆ ಮೋಟುಕಿವಿ. ಅರ್ಧ ಪುಟ ಹೊಗಳಿ ಬರೆದದ್ದನ್ನು ಹೊಡೆದುಹಾಕಿದೆ, ಸಿಟ್ಟಿನಿಂದಲೇ.

ಒಂದೇ ಒಂದು ಚಿತ್ರ ಪಾಸಾಯಿತು. ಪೆರು ದೇಶದ್ದು. ಹೆಂಗಸೊಬ್ಬಳು ಮಗುವನ್ನು ಮುಂದೆ ಬಿಟ್ಟುಕೊಂಡು, ಕೈಯಲ್ಲಿ ಉಣ್ಣೆ ನೂಲುತ್ತ ಬೆಟ್ಟ ಇಳಿಯುತ್ತಾಳೆ. ಮಾತಿಲ್ಲ, ಕತೆಯೂ ಹೆಚ್ಚಿಲ್ಲ. ನನಗೆ ಆಕಳಿಕೆ ಬರುತ್ತಿತ್ತು. ಅಜ್ಜಿ ಮುಂದಕ್ಕೆ ಬಾಗಿದ್ದಳು. ಅವಳ ಎರಡು ಬೆರಳುಗಳು ತಾವಾಗಿಯೇ ಆಡುತ್ತಿದ್ದವು. "ನಿಜಂ," ಎಂದಳು. "ನೂಲು ಹರಿದಾಗ ಅವಳ ಕಣ್ಣು ಮಗೀನ ಮ್ಯಾಲೆ ಇತ್ತು. ಬೆರಳೇ ಕೂಡಿಸ್ತು. ಇವಳು ನೂಲೋಳೇ." ಸಿನಿಮಾ ನೋಡುವುದನ್ನು ನಾನು ಕಲಿತೆನೆಂದರೆ ಆ ದಿನ ಕಲಿತೆ.

ಇಷ್ಟಿದ್ದೂ ನಾನು ಅವಳಿಗೆ ದ್ರೋಹ ಮಾಡಿದೆ.

ಉಣ್ಣೆಯ ಬಗ್ಗೆ ಕಿರುಚಿತ್ರ ಮಾಡುವ ತಂಡವೊಂದು ಊರಿಗೆ ಬಂತು. ನಾನೇ ಮುಂದಾಗಿ ಅಜ್ಜಿಯ ಮನೆಗೆ ಕರೆದೊಯ್ದೆ. ಆ ಮನೆಯಲ್ಲಿ ಹೆಂಗಸರ ಕೆಲಸ ಬೇರೆ, ಗಂಡಸರ ಕೆಲಸ ಬೇರೆ. ಹೆಂಗಸರು ನೂಲುತ್ತಾರೆ, ಉದ್ದಕ್ಕೆ ಬಿಗಿಯುವ ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಮಗ್ಗಕ್ಕೆ ಕೂರುವವರು ಗಂಡಸರು. ಅಲ್ಲಿ ನೇಯುತ್ತಿದ್ದದ್ದು ಅವಳ ಮಗ. ನಿರ್ದೇಶಕನಿಗೆ ರಾಟೆಯ ಮೂಲೆ ಕತ್ತಲೆನಿಸಿತು; ಮಗ್ಗದ ಮೇಲೆ ಬೀಳುತ್ತಿದ್ದ ಬಿಸಿಲು ಬಹಳ ಹಿಡಿಸಿತು. ಅಜ್ಜಿಯನ್ನೇ ಮಗ್ಗಕ್ಕೆ ಕೂರಿಸಿ ಎಂದ.

"ನಾನು ಮಗ್ಗಕ್ಕೆ ಕೂತೋಳಲ್ಲಪ್ಪ" ಎಂದಳು ಅಜ್ಜಿ.

"ಎರಡೇ ನಿಮಿಷ ಅಜ್ಜಿ, ಸುಮ್ನೆ ಕೂತ್ಕೊಳ್ಳಿ" ಎಂದೆ ನಾನು. ಚಿತ್ರದ ಕೊನೆಯಲ್ಲಿ ಕೃತಜ್ಞತೆಯ ಪಟ್ಟಿಗೆ ನನ್ನ ಹೆಸರು ಹಾಕುತ್ತೇನೆಂದು ಅವನು ಹೇಳಿದ್ದ. ನನಗೆ ಅದರ ಆಸೆ. ಅಜ್ಜಿ ನನ್ನ ಮುಖ ನೋಡಿದಳು. "ನೀನು ಹೇಳ್ತೀಯಾ ಅಂತ" ಎಂದು ಮೊಣಕಾಲು ಹಿಡಿದುಕೊಂಡು ಮಗ್ಗದ ಗುಂಡಿಗೆ ಇಳಿದಳು. ಲೋಕವನ್ನೆಲ್ಲ ಅನುಮಾನಿಸುವವಳು ನನ್ನನ್ನು ನಂಬಿದ್ದಳು.

ಚಿತ್ರ ಯಾವ್ಯಾವುದೋ ದೇಶಗಳಿಗೆ ಹೋಗಿಬಂತು. ಫೋನಿನಲ್ಲೂ ಬಂತು. ಅವಳ ಮಗ, ಸೊಸೆ, ನಾನು, ಅಜ್ಜಿ ಒಟ್ಟಿಗೆ ಕೂತು ನೋಡಿದೆವು. ಐವತ್ತು ವರ್ಷದಿಂದ ಕಂಬಳಿ ನೇಯುತ್ತಿರುವ ತಾಯಿ ಎಂದು ಹಿನ್ನೆಲೆಯ ದನಿ ಹೇಳಿತು. ಅಜ್ಜಿ ಕಣ್ಣು ಕಿರಿದು ಮಾಡಿದಳು. "ಲಾಳಿ ಹಿಡಿಯೋಕೇ ಬರಲ್ಲ ಈ ಮುದುಕಿಗೆ. ಅಬದ್ಧಂ." ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. ಮುಗಿಯುವವರೆಗೆ ಕಾದು ಕೇಳಿದಳು: "ನನ್ನ ರಾಟೆ ಎಲ್ಲೈತೆ?"

ಎಲ್ಲೂ ಇರಲಿಲ್ಲ.

"ತೆಗೆಸು ಟೀಚರಮ್ಮ ಅದನ್ನ. ನಾನು ಹೋದ ಮ್ಯಾಲೆ ಮೊಮ್ಮಕ್ಕಳ ಮಕ್ಕಳು ಇದನ್ನೇ ನೋಡ್ತಾರೆ. ನಾನು ನೂತಿದ್ದೆಲ್ಲ ಎಲ್ಲಿ ಹೋಯ್ತು ಹಂಗಾರೆ?"

ಫೋನು ಮಾಡಿದೆ. "ಇದು ಸಿನಿಮಾ ಮೇಡಂ, ಎಲ್ಲರಿಗೂ ಆ ಶಾಟೇ ಇಷ್ಟ ಆಗಿದೆ" ಎಂದ ನಿರ್ದೇಶಕ. ಮತ್ತೆ ಮಾಡಿದೆ, ಎತ್ತಲಿಲ್ಲ. ಅಜ್ಜಿ ದಿನಾ ಬೆಳಿಗ್ಗೆ ಕಾಂಪೌಂಡಿನಾಚೆಯಿಂದ "ತೆಗೆಸಿದ್ಯಾ?" ಎಂದು ಕೇಳುತ್ತಿದ್ದಳು. ಹದಿನೈದು ದಿನವಾದ ಮೇಲೆ, ಕೇಳಿಸಿಕೊಳ್ಳಲಾರದೆ, "ತೆಗೆಸಿದೆ ಅಜ್ಜಿ" ಎಂದೆ. ಪರದೆಯನ್ನು ನೋಡುವ ಹಾಗೆಯೇ ನನ್ನ ಮುಖವನ್ನು ನೋಡಿದಳು. ಬಾಯಿಬಿಟ್ಟು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಹೂಂ, ಆಯ್ತವ್ವ" ಎಂದು ಒಳಗೆ ಹೋದಳು. ಆ ಭಾನುವಾರ ಬರಲಿಲ್ಲ. ಮೊಣಕಾಲು ನೋವೆಂದು ಸೊಸೆ ಹೇಳಿದಳು. ಮುಂದಿನ ಭಾನುವಾರವೂ ಮೊಣಕಾಲೇ ನೋವಿತ್ತು.

ಬೇಸಿಗೆಯಲ್ಲಿ ದೇವಸಮುದ್ರದ ಮಗಳ ಮನೆಗೆ ಹೋದವಳು ಮೊಳಕಾಲ್ಮೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಬಸ್ಸಿನಲ್ಲಿ ಹೋಗುವಾಗಲೇ ನನ್ನ ಫೋನಿನ ತುಂಬ ಅವಳ ಚಿತ್ರ: ಬಿಸಿಲು ಬಿದ್ದ ಮಗ್ಗ, ಕೈಯಲ್ಲಿ ಲಾಳಿ, ಕೆಳಗೆ ಶ್ರದ್ಧಾಂಜಲಿ. ಸಾವಿನ ಮನೆಯಲ್ಲಿ ಯಾರೋ, "ಎಂಥಾ ನೇಯ್ಗೆ ಆ ತಾಯೀದು, ಸಿನಿಮಾದಾಗೆ ಬಂದೈತೆ" ಎನ್ನುತ್ತಿದ್ದರು. ಮಗ ನನ್ನ ಕಡೆ ನೋಡಿ ತಲೆ ತಗ್ಗಿಸಿದ. ನಾನು ಅಲ್ಲಿಯೂ ಬಾಯಿ ಬಿಡಲಿಲ್ಲ.

ಆ ಚಿತ್ರ ಈಗಲೂ ಇದೆ, ದಿನಾ ಯಾರೋ ನೋಡುತ್ತಿದ್ದಾರೆ. ಅದನ್ನು ತೆಗೆಸಲು ನನ್ನಿಂದ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಅಜ್ಜಿ ಬದುಕಿನಲ್ಲಿ ಒಂದು ಗೇಣು ಕಂಬಳಿಯನ್ನೂ ನೇಯ್ದವಳಲ್ಲ. ಅವಳು ನೂತಳು. ಅವಳನ್ನು ಮಗ್ಗಕ್ಕೆ ಕೂರಿಸಿದವಳು ನಾನು.